ಮೊದಲನೆಯದಾ, ಎರಡನೆಯದಾ

ಕಣ್ಣಿನ ನಂಬರ್ ನೋಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಒಂದೇ ಅರೆಗತ್ತಲೆಯ ಕೋಣೆಯಲ್ಲಿ ನಿಂತು, ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಅದರೊಳಗೆ ಗಾಜು ಬದಲಿಸುತ್ತಾ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ: "ಮೊದಲನೆಯದು ಚೆನ್ನಾಗಿ ಕಾಣುತ್ತಾ, ಎರಡನೆಯದಾ?" ಜನ ಸೂಜಿಗೂ ಇಷ್ಟು ಹೆದರುವುದಿಲ್ಲ. ತಪ್ಪು ಹೇಳಿದರೆ ಫೇಲು ಮಾಡಿಬಿಡುತ್ತೇನೆ ಎಂಬಂತೆ ಬೆವರುತ್ತಾರೆ. ಕೆಲವರು "ನೀವೇ ಹೇಳಿಬಿಡಿ ಮೇಡಂ" ಎನ್ನುತ್ತಾರೆ, ಅವರ ಕಣ್ಣೊಳಗೆ ನಾನು ಹೋಗಿ ಕೂತು ನೋಡಲು ಆಗುತ್ತದೆ ಎಂಬ ಹಾಗೆ. "ಇನ್ನೊಂದ್ಸಲ ತೋರಿಸಿ, ಇನ್ನೊಂದ್ಸಲ" ಎನ್ನುವವರನ್ನು ಕಂಡರಂತೂ ನನಗೆ ಮೈ ಉರಿಯುತ್ತದೆ. ಇರುವುದು ಎರಡೇ ಗಾಜು, ಅದರಲ್ಲಿ ಒಂದನ್ನು ಆರಿಸಲು ಇಷ್ಟು ಒದ್ದಾಟವೇ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡದ್ದು ಲೆಕ್ಕವಿಲ್ಲದಷ್ಟು ಸಲ.

ಈ ಕೆಲಸದಲ್ಲಿ ಪುಸ್ತಕದಿಂದ ಕಲಿಯದ ಎರಡು ಸಂಗತಿ ನನಗೆ ಗೊತ್ತು. ಏನೂ ತೋಚದವರು ಯಾವಾಗಲೂ "ಎರಡನೆಯದು" ಎನ್ನುತ್ತಾರೆ. ಅಂಥವರು ಸಿಕ್ಕರೆ ನಾನು ಗಾಜು ತೆಗೆದ ಹಾಗೆ ಮಾಡಿ ಅದೇ ಗಾಜನ್ನೇ ಮತ್ತೆ ಇಡುತ್ತೇನೆ. ಆಗಲೂ "ಹಾಂ, ಇದು ಚೆನ್ನಾಗಿದೆ" ಎಂದರೆ ಅವರು ಗೋಡೆಯ ಮೇಲಿನ ಅಕ್ಷರ ನೋಡುತ್ತಿಲ್ಲ, ನನ್ನನ್ನು ಮೆಚ್ಚಿಸುತ್ತಿದ್ದಾರೆ ಎಂದರ್ಥ. ಇನ್ನೊಂದು, ಉತ್ತರಕ್ಕೆ ಬಹಳ ಹೊತ್ತು ತೆಗೆದುಕೊಂಡರೆ ಅವರಿಗೆ ಎರಡೂ ಒಂದೇ. ಅಲ್ಲಿಗೆ ಪರೀಕ್ಷೆ ಮುಗಿಯಿತು. ನಂಬರ್ ಬರೆದುಕೊಂಡು ದೀಪ ಹಾಕಬೇಕು, ಮತ್ತೆ ಕೇಳಬಾರದು.

ಈ ಗುಟ್ಟುಗಳನ್ನು ಎಷ್ಟೋ ವರ್ಷದ ಹಿಂದೆಯೇ ಇವರಿಗೆ ಹೇಳಿದ್ದೆ. ಇವರು ಎಂದರೆ ನಮ್ಮ ಮನೆಯವರು. ಕ್ಷೌರದ ಅಂಗಡಿ ಇಟ್ಟಿದ್ದಾರೆ. ಅಂಗಡಿಯೆಂದರೆ ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು ಮತ್ತು ಮೇಲೆ ಕೆಳಗೆ ಆಗುವ ಒಂದು ಕಬ್ಬಿಣದ ಕುರ್ಚಿ. ನಮಗೆ ಮಕ್ಕಳಿಲ್ಲ, ಆ ಕುರ್ಚಿಗೇ ಇವರು ಭಾನುವಾರ ಎಣ್ಣೆ ಹಚ್ಚಿ ಒರೆಸಿ ಮುದ್ದು ಮಾಡುತ್ತಾರೆ. ಕೆಲಸ ಕಲಿಸಿದ ಗುರುಗಳು ಇವರಿಗೆ ಮೊದಲ ದಿನವೇ ಹೇಳಿದ್ದರಂತೆ, ಕೈಯಲ್ಲಿ ಕತ್ತಿ ಇರುವಾಗ ಗಿರಾಕಿಯ ಜೊತೆ ವಾದ ಮಾಡಬಾರದು ಅಂತ. ಮಾತಿನ ಬಿಸಿಗೆ ಕೈ ನಡುಗುತ್ತದೆ. ಹಾಗಾಗಿ ಕುರ್ಚಿಯಲ್ಲಿ ಕೂತವನು ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದರೂ ಇವರದು "ಹ್ಞೂಂ". ಆ ಅಭ್ಯಾಸವನ್ನು ಕತ್ತಿಯ ಜೊತೆ ಅಂಗಡಿಯಲ್ಲೇ ಬಿಟ್ಟು ಬರುವುದು ಬಿಟ್ಟು ಮನೆಗೂ ತಂದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಯಾವ ಮಾತಿಗೂ ಇವರು "ಅಲ್ಲ" ಎಂದವರಲ್ಲ. ಅಕ್ಕಪಕ್ಕದವರು ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಗೋಡೆಗೆ ಚೆಂಡು ಎಸೆದರೆ ವಾಪಸಾದರೂ ಬರುತ್ತದೆ, ಇವರಿಗೆ ಮಾತು ಎಸೆದರೆ ಹತ್ತಿಗೆ ಬಿದ್ದ ಹಾಗೆ ಅಲ್ಲೇ ಉಳಿಯುತ್ತದೆ ಎಂಬ ಸಂಕಟ ಅವರಿಗೇನು ಗೊತ್ತು.

ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ವಯಸ್ಸಾಯಿತೆಂದು ಬಾಗಿಲು ಮುಚ್ಚುವ ಮಾತಾಡಿದ ದಿನವೇ ನಾನು ಹೊರದೇಶಗಳಿಗೆ ಅರ್ಜಿ ಹಾಕತೊಡಗಿದೆ. ಎಲ್ಲೂ ಆಗುವುದಿಲ್ಲ ಅಂದುಕೊಂಡಿದ್ದರೆ ಎರಡು ಕಡೆ ಆಯಿತು. ಒಂದು ಚಳಿಯ ದೇಶ. ಇರಲು ಮನೆ, ಕಾಯಂ ಕೆಲಸ, ವರ್ಷದಲ್ಲಿ ಐದು ತಿಂಗಳು ಸೂರ್ಯ ನೆಂಟನ ಹಾಗೆ ಮುಖ ತೋರಿಸಿ ಹೋಗುತ್ತಾನಂತೆ. ಇನ್ನೊಂದು ಬಿಸಿಲಿನ ದೇಶ. ಹೊಸ ಯಂತ್ರಗಳು, ಎರಡೆರಡು ವರ್ಷದ ಕರಾರು, ಆಸ್ಪತ್ರೆಯ ಹಿಂಬಾಗಿಲು ತೆಗೆದರೆ ಸಮುದ್ರ. ಇಬ್ಬರೂ ಮಾತಾಡಿಕೊಂಡವರಂತೆ ಒಂದೇ ಗಡುವು ಕೊಟ್ಟರು, ಶುಕ್ರವಾರ ಮಧ್ಯಾಹ್ನ ಹನ್ನೆರಡು.

ನಾನು ನೋಟ್‌ಬುಕ್ಕಿನ ಎಡಪುಟದಲ್ಲಿ ಚಳಿ, ಬಲಪುಟದಲ್ಲಿ ಬಿಸಿಲು ಬರೆದು ಗುಣದೋಷ ಹಾಕಿದೆ. ಬೆಳಿಗ್ಗೆ ಟೀ ಕುಡಿಯುವಾಗ ಎಡಪುಟ ಗೆದ್ದಿರುತ್ತಿತ್ತು, ಸ್ನಾನ ಮಾಡಿ ಬರುವಷ್ಟರಲ್ಲಿ ಬಲಪುಟ. ಡಾಕ್ಟರನ್ನು ಕೇಳಿದರೆ "ಎರಡೂ ಒಳ್ಳೇದೇ ಕಣಮ್ಮ" ಎಂದರು, ಅದನ್ನು ಹೇಳಲು ಅಷ್ಟು ಓದಬೇಕಿತ್ತೇ. ತಂಗಿಯನ್ನು ಕೇಳಿದರೆ "ಬಿಸಿಲಿಗೇ ಹೋಗಕ್ಕ, ರಜಕ್ಕೆ ನಾವೂ ಬರಬಹುದು" ಎಂದಳು. ಇವರನ್ನು ಕೇಳಿದೆ.

"ಚಳಿ ದೇಶ ಒಳ್ಳೇದಲ್ವೇನ್ರೀ?"

"ಹ್ಞೂಂ, ಒಳ್ಳೇದು."

"ಆದ್ರೂ ಬಿಸಿಲಿನ ದೇಶಾನೇ ಅನುಕೂಲ ಅನ್ಸುತ್ತೆ."

"ಹ್ಞೂಂ, ಅದೂ ಹೌದು."

ಕೊನೆಗೆ ತಂಗಿಯೇ ದಾರಿ ತೋರಿಸಿದಳು. "ನಾಲ್ಕು ದಿನ ಬೀಚಿಗೆ ಹೋಗಿ ಸುಮ್ನೆ ಬಿದ್ಕೊಂಡಿರಿ. ತಲೆ ತಣ್ಣಗಾದ್ರೆ ತಾನಾಗೇ ಹೊಳೆಯುತ್ತೆ." ನನಗೂ ಸರಿ ಕಂಡಿತು. ಸಮುದ್ರ ಒಗ್ಗಿದರೆ ಬಿಸಿಲಿನ ದೇಶ, ಒಗ್ಗದಿದ್ದರೆ ಚಳಿಯ ದೇಶ. ಇದಕ್ಕಿಂತ ಸುಲಭದ ಪರೀಕ್ಷೆ ಉಂಟೇ ಎಂದುಕೊಂಡು ಮಂಗಳವಾರ ಹೊರಟೆವು.

ಸಮುದ್ರದ ದಂಡೆಗೆ ಹೋದ ಮೇಲೆ ತಲೆ ತಣ್ಣಗಾಗಲಿಲ್ಲ, ತಲೆಯೊಳಗೆ ಮರಳು ಹೊಕ್ಕಿತು ಅಷ್ಟೆ. ನಾವು ಇಳಿದದ್ದು ದಂಡೆಗೆ ಹತ್ತಿರದ ಎಂಟು ಕೋಣೆಗಳ ವಸತಿಗೃಹ. ನೀಲಿ ಬಾಗಿಲು, ಎಷ್ಟು ಒರೆಸಿದರೂ ಅಂಟುವ ನೆಲ, ಹಾಸಿಗೆಯ ಮೇಲೆ ಹಂಸದ ಆಕಾರಕ್ಕೆ ಮಡಿಸಿಟ್ಟ ಟವೆಲ್. ದಂಡೆಯ ಮೇಲೆ ಪಟ್ಟೆಪಟ್ಟೆಯ ದೊಡ್ಡ ಛತ್ರಿಗಳು, ಅವುಗಳ ಕೆಳಗೆ ಒರಗುವ ಕುರ್ಚಿಗಳು. ಸುತ್ತಲೂ ಜನ ಎಣ್ಣೆ ಹಚ್ಚಿಕೊಂಡು ಬಾಯಿ ತೆರೆದು ಮಲಗಿದ್ದರು. ನಾನೂ ಒರಗಿದೆ. ಹತ್ತು ನಿಮಿಷಕ್ಕೆ ಎದ್ದು ಕೂತು ನೋಟ್‌ಬುಕ್ ತೆಗೆದೆ. ಅಲೆ ಬಂದಾಗ ಬಿಸಿಲಿನ ದೇಶ ಎನ್ನಿಸುತ್ತಿತ್ತು, ಅಲೆ ಹಿಂದೆ ಸರಿದಾಗ ಚಳಿಯ ದೇಶ. ಅಲೆಗಳೇನು ನಿಲ್ಲುತ್ತವೆಯೇ.

ವಸತಿಗೃಹದ ಒಡತಿ ದಪ್ಪ ಕನ್ನಡಕದ ಹೆಂಗಸು. ಕನ್ನಡಕ ಒಂದು ಕಡೆಗೆ ವಾಲಿ, ಆಕೆ ಜಗತ್ತನ್ನು ಓರೆಯಾಗಿ ನೋಡುತ್ತಿರುವುದನ್ನು ನನಗೆ ಸಹಿಸಲಾಗಲಿಲ್ಲ. ಬುಧವಾರ ತಿಂಡಿಯ ಹೊತ್ತಿಗೆ ಕೇಳದೆಯೇ ಕಿತ್ತುಕೊಂಡು ಅದರ ಕಡ್ಡಿ ಬಗ್ಗಿಸಿ ಸರಿ ಮಾಡಿಕೊಟ್ಟೆ. ಆ ಸಲಿಗೆಯಲ್ಲಿ ಆಕೆಯ ಮುಂದೆಯೂ ನನ್ನ ಎರಡು ದೇಶ ಹರಡಿದೆ.

ಆಕೆ ಕನ್ನಡಕ ಹಾಕಿಕೊಂಡು ನನ್ನನ್ನು ನೆಟ್ಟಗೆ ನೋಡಿ ಹೇಳಿದಳು, "ಚಳಿ ದೇಶದವರು ಬಿಸಿಲು ಹುಡುಕ್ಕೊಂಡು ಇಲ್ಲಿಗೆ ಬರ್ತಾರೆ. ಇಲ್ಲಿಯವರು ಕೆಲಸ ಹುಡುಕ್ಕೊಂಡು ಅಲ್ಲಿಗೆ ಹೋಗ್ತಾರೆ. ನಾನು ಎಲ್ಲೂ ಹೋಗ್ದೆ ಇಬ್ಬರಿಗೂ ರೂಮು ಕೊಡ್ತೀನಿ. ನಿಮ್ಮ ಯಜಮಾನ್ರು ಏನಂತಾರೆ?"

"ಅವರು ಎಲ್ಲದಕ್ಕೂ ಹ್ಞೂಂ ಅಂತಾರೆ."

"ಹಾಗಾದ್ರೆ ನೀವು ಒಬ್ರೇ ಮಾತಾಡ್ತಿದ್ದೀರಿ ಅನ್ನಿ," ಎಂದು ತಟ್ಟೆ ಎತ್ತಿಕೊಂಡು ಹೋದಳು. ಕನ್ನಡಕ ಸರಿಮಾಡಿದ್ದೇ ತಪ್ಪಾಯಿತು ಎನ್ನಿಸಿತು.

ಗುರುವಾರ ಮಧ್ಯಾಹ್ನ ಊಟವಾಗಿ ನಾನು ಕಣ್ಣು ಮುಚ್ಚಿದ್ದೆ. ಎದ್ದಾಗ ಪಕ್ಕದ ಕುರ್ಚಿ ಖಾಲಿ. ಸುತ್ತ ಹುಡುಕಿದೆ. ಈಜುವವರನ್ನು ಕಾಯುವ ಕಾವಲುಗಾರನ ಮರದ ಅಟ್ಟದ ಹತ್ತಿರ ನಾಲ್ಕೈದು ಜನ ಸೇರಿದ್ದರು. ಯಾರಾದರೂ ನೀರಲ್ಲಿ ಮುಳುಗಿದರೇ ಎಂದು ಓಡಿದೆ. ಯಾರೂ ಮುಳುಗಿರಲಿಲ್ಲ. ಕಾವಲುಗಾರ ಕುತ್ತಿಗೆಗೆ ವಸತಿಗೃಹದ ಟವೆಲ್ ಸುತ್ತಿಕೊಂಡು ಒಂದು ಡಬ್ಬದ ಮೇಲೆ ಕೂತಿದ್ದ. ಹಿಂದೆ ನಿಂತು ಇವರು ಅವನ ತಲೆಗೂದಲು ಕತ್ತರಿಸುತ್ತಿದ್ದರು. ಕಾಯುತ್ತಿದ್ದ ಮೂವರು ಸರದಿಯಲ್ಲಿ ಮರಳ ಮೇಲೆ ಕೂತಿದ್ದರು.

ನಾಲ್ಕು ದಿನ ಸುಮ್ಮನೆ ಬಿದ್ದುಕೊಂಡಿರೋಣ ಎಂದು ಬಂದ ಮನುಷ್ಯ ಕತ್ತರಿ, ಬಾಚಣಿಗೆ, ಕೈಗನ್ನಡಿಯನ್ನು ಬನಿಯನ್ನಿನೊಳಗೆ ಸುತ್ತಿ ಬ್ಯಾಗಿನ ತಳದಲ್ಲಿಟ್ಟು ತಂದಿದ್ದರು. ಹೆಂಗಸರು ಒಡವೆ ಬಚ್ಚಿಡುವ ಹಾಗೆ. ನನಗೆ ಸಿಟ್ಟು ಬಂತು, ಆದರೆ ಬಂದ ಸಿಟ್ಟು ಅಲ್ಲೇ ನಿಂತಿತು. ಮೂರು ದಿನದಿಂದ ಛತ್ರಿಯ ಕೆಳಗೆ ಒಣಗಿದ ಸೊಪ್ಪಿನಂತೆ ಬಿದ್ದಿದ್ದ ಇವರು ಈಗ ಏನೋ ರಾಗ ಗುನುಗುತ್ತಿದ್ದರು. ಕೆಲಸ ಮುಗಿಸಿ ಕೈಗನ್ನಡಿ ಹಿಡಿದು ಹಿಂದಲೆ ತೋರಿಸಿ, "ನೋಡಿ, ಸರಿಯಿದೆಯಾ?" ಎಂದರು. ಕಾವಲುಗಾರ ತಲೆ ಅತ್ತಿತ್ತ ತಿರುಗಿಸಿ ಹಲ್ಲು ಕಿರಿದ. ಇವರೂ ನಕ್ಕರು. ಆ ನಗು ನಾನು ಅರ್ಜಿ ಹಾಕಲು ಶುರುಮಾಡಿದಂದಿನಿಂದ ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ಯಾಕೆ ಕಂಡಿರಲಿಲ್ಲ ಎಂದು ನಾನು ಅಲ್ಲಿಯವರೆಗೆ ಕೇಳಿಕೊಂಡಿರಲೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಛತ್ರಿಯ ಕೆಳಗೆ ಕೂತೆವು. ಮೂರು ಗಂಟೆ ಉಳಿದಿತ್ತು. ನನ್ನ ತಲೆ ಪೂರಾ ಕೆಟ್ಟಿತ್ತು. ಇವರ ಮನಸ್ಸನ್ನು ಇವತ್ತು ಹೇಗಾದರೂ ಹೊರಗೆಳೆಯಲೇಬೇಕು ಎಂದು ನನ್ನ ವೃತ್ತಿಯ ಯುಕ್ತಿಯನ್ನೇ ಹೂಡಿದೆ.

"ಕಣ್ಣು ಮುಚ್ಕೊಳ್ಳಿ. ಎರಡು ದೇಶ ಓದಿ ಹೇಳ್ತೀನಿ. ಹೆಸರು ಹೇಳಲ್ಲ. ಯಾವುದು ಚೆನ್ನಾಗಿದೆ ಅಂತ ಹೇಳ್ಬೇಕು, ಅಷ್ಟೆ."

"ಹ್ಞೂಂ."

ನಾನು ಚಳಿಯ ದೇಶದ ಕಾಗದ ಓದಿದೆ: ಮನೆಯಿಂದ ಕೆಲಸಕ್ಕೆ ನಡೆದು ಹೋಗುವ ದೂರ, ವರ್ಷಕ್ಕೆ ಇಷ್ಟು ರಜೆ, ಮನೆಯೊಳಗೆ ಬೆಚ್ಚಗಿಡುವ ವ್ಯವಸ್ಥೆ. ಆಮೇಲೆ ಪುಟ ಮಗುಚಿದ ಸದ್ದು ಮಾಡಿ ಅದೇ ಕಾಗದವನ್ನೇ ಇನ್ನೊಂದು ಸಲ ಓದಿದೆ. ಸಾಲು ಹಿಂದೆ ಮುಂದೆ ಮಾಡಿ, ಪದ ಬದಲಿಸಿ. ಗಾಜು ಅದೇ.

"ಮೊದಲನೆಯದಾ, ಎರಡನೆಯದಾ?"

ಇವರು ಕಣ್ಣು ತೆರೆಯದೆ, "ಎರಡನೆಯದು," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಎರಡೂ ಒಂದೇ ಕಾಗದ ಕಣ್ರೀ. ಒಂದನ್ನೇ ಎರಡು ಸಲ ಓದ್ದೆ. ನಿಮಗೆ ಏನೂ ಕಾಣ್ತಿಲ್ಲ, ಸುಮ್ನೆ ನನ್ನನ್ನ ಮೆಚ್ಚಿಸ್ತಿದ್ದೀರಿ. ಇಪ್ಪತ್ತೆರಡು ವರ್ಷದಿಂದ ಇದೇ ಆಯ್ತು."

ಇವರು ಕಣ್ಣು ತೆರೆದರು. ಸಿಕ್ಕಿಬಿದ್ದ ಮುಖವಿರಲಿಲ್ಲ. "ಒಂದೇ ಅಂತ ಗೊತ್ತಾಯ್ತು. ನಾನೇನು ಕಿವುಡನಾ? ಆದ್ರೆ ಎರಡನೇ ಸಲ ಓದೋವಾಗ ನಿನ್ನ ದನಿ ಮೆತ್ತಗಾಯ್ತು. ನಿನಗೆ ಅದು ಬೇಕು ಅನ್ನಿಸ್ತಿದೆ ಅಂದ್ಕೊಂಡೆ, ಅದನ್ನೇ ಹೇಳ್ದೆ. ಕುರ್ಚೀಲಿ ಕೂತೋರು ತಲೆ ಹೇಗೆ ಬೇಕು ಅಂತ ಬಾಯಲ್ಲಿ ಹೇಳೋದು ಒಂದು. ಅವರ ಮನಸ್ಸಲ್ಲಿ ಏನಿದೆ ಅಂತ ನಾವು ಕನ್ನಡೀಲಿ ನೋಡ್ಕೋಬೇಕು."

ನಾನು ಇವರನ್ನು ಪರೀಕ್ಷೆ ಮಾಡಲು ಹೋದರೆ ಇವರು ಇಷ್ಟು ವರ್ಷ ನನ್ನ ಮುಖವನ್ನೇ ಓದುತ್ತಾ ಕೂತಿದ್ದರು. ಹಾಗಿದ್ದರೆ ಇವರ "ಹ್ಞೂಂ" ಎಲ್ಲ ನನ್ನದೇ ಮಾತಾಗಿತ್ತೇ? ಇವರದು ಎನ್ನುವುದು ಏನಿತ್ತು, ಎಲ್ಲಿತ್ತು?

"ನನ್ನದು ಬಿಡಿ," ಎಂದೆ. "ನಿಮಗೆ ಯಾವುದು?"

"ನಾನೂ ಒಂದು ಕೇಳ್ಲಾ? ನಿನ್ನ ಹಾಗೇ?" ಇವರು ಎದ್ದು ಕೂತು ಕೈಯ ಮರಳು ಕೊಡವಿಕೊಂಡರು. "ಮೊದಲನೆಯದು, ನಾನು ನಿನ್ನ ಜೊತೆ ಬರ್ತೀನಿ. ಎರಡನೆಯದು, ನಾನು ಇಲ್ಲೇ ಅಂಗಡಿ ನೋಡ್ಕೊಂಡು ಇರ್ತೀನಿ, ನೀನು ಹೋಗಿ ಬಾ. ಯಾವುದು ಚೆನ್ನಾಗಿ ಕಾಣುತ್ತೆ?"

ಇದೊಂದು ಪ್ರಶ್ನೆಯಾಗಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲೂ ಇರಲಿಲ್ಲ, ಬಲಪುಟದಲ್ಲೂ ಇರಲಿಲ್ಲ. ಬಾಯಿ ತೆರೆದೆ. ಕಬ್ಬಿಣದ ಕುರ್ಚಿ ಕಣ್ಣ ಮುಂದೆ ಬಂತು, ಆಮೇಲೆ ಮರಳಿನಲ್ಲಿ ಕೂತ ಸರದಿ, ಆಮೇಲೆ ಎಲ್ಲೋ ಒಂದು ಕೋಣೆಯಲ್ಲಿ ನಾನು ಕೆಲಸಕ್ಕೆ ಹೋದ ಮೇಲೆ ಇವರು ಕಿಟಕಿಯ ಹತ್ತಿರ ಕೂತಿರುವುದು. ಬನ್ನಿ ಎಂದರೆ ಆ ಕಿಟಕಿಗೆ ಕಟ್ಟಿಹಾಕಿದಂತೆ. ಇರಿ ಎಂದರೆ ನೀವು ನನಗೆ ಬೇಡ ಎಂದಂತೆ. ಅತ್ತ ದರಿ, ಇತ್ತ ಪುಲಿ. ಒಂದು ಅಲೆ ಬಂತು, ಹೋಯಿತು. ಇನ್ನೊಂದು ಬಂತು. ನಾನು ಇನ್ನೂ ಯೋಚಿಸುತ್ತಲೇ ಇದ್ದೆ.

"ಸರಿ," ಎಂದರು ಇವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು. "ತುಂಬಾ ಹೊತ್ತು ತಗೊಂಡ್ರೆ ಎರಡೂ ಒಂದೇ ಅಂತ ನೀನೇ ಹೇಳ್ಕೊಟ್ಟಿದ್ದೆ. ಮುಗೀತು. ಬರ್ಕೋ."

"ಹಾಗಲ್ಲ ಕಣ್ರೀ. ಇನ್ನೊಂದ್ಸಲ ಕೇಳಿ." ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಬೈದುಕೊಂಡವರೆಲ್ಲ ಸಾಲಾಗಿ ಕಣ್ಣ ಮುಂದೆ ನಿಂತ ಹಾಗಾಯಿತು. ಪಾಪ, ಅವರಿಗೂ ಹೀಗೇ ಆಗುತ್ತಿದ್ದಿರಬೇಕು.

"ಕೇಳೋದೇನು ಬೇಡ. ಅರ್ಜೀಲಿ ನೀನು ಬರ್ದಿದ್ದು ನೋಡ್ದಾಗ್ಲೇ ನಂಗೆ ಗೊತ್ತಾಯ್ತು," ಎಂದು ಹೇಳಿ ಇವರು ಪ್ಯಾಂಟಿನ ಕಾಲು ಮಡಚಿ ನೀರಿನ ಕಡೆ ನಡೆದರು.

ಅರ್ಜಿಯಲ್ಲಿ ನಾನೇನು ಬರೆದಿದ್ದೆ? ಫೋನು ತೆಗೆದು ಹುಡುಕಿದೆ. ಎರಡು ದೇಶದ ಅರ್ಜಿಯೂ ಹೆಚ್ಚುಕಡಿಮೆ ಒಂದೇ ಬಗೆಯವು. ನನ್ನ ಓದು, ನನ್ನ ಅನುಭವ, ನಾನು ಬಳಸುವ ಯಂತ್ರಗಳು, ಎಲ್ಲ ನಾಲ್ಕು ಪುಟ. ಐದನೆಯ ಪುಟದಲ್ಲಿ "ನಿಮ್ಮನ್ನು ಅವಲಂಬಿಸಿದವರು" ಎಂಬ ಸಾಲು, ಅಲ್ಲಿ ಇವರ ಹೆಸರು. ಅದರ ಪಕ್ಕದಲ್ಲಿ "ವೃತ್ತಿ". ಅಲ್ಲಿ ಒಂದು ಪುಟ್ಟ ಅಡ್ಡಗೀಟು.

ಗೀಟು ಎಳೆದ ಸಂಜೆ ನೆನಪಾಯಿತು. ವೃತ್ತಿ ಬರೆದರೆ ಅದಕ್ಕೊಂದು ಪುಟ ತೆರೆದುಕೊಂಡು, ಅನುಭವ ಎಷ್ಟು, ಪತ್ರ ಎಲ್ಲಿ, ಶಿಫಾರಸು ಯಾರದು ಎಂದು ಕೇಳುತ್ತಿತ್ತು. ಇವರ ಗುರುಗಳು ಯಾವ ಪತ್ರ ಕೊಟ್ಟಿದ್ದರು? ಯಾರು ಒದ್ದಾಡುತ್ತಾರೆ ಎಂದು ಗೀಟೆಳೆದು ಮುಂದೆ ಹೋಗಿದ್ದೆ. ಟೀ ಲೋಟ ಇಡಲು ಬಂದ ಇವರು ಹಿಂದೆ ನಿಂತು ನೋಡಿದ್ದಿರಬೇಕು. ಆವತ್ತೂ ಏನೂ ಹೇಳಲಿಲ್ಲ.

ನನ್ನ ಕೆಲಸದಲ್ಲಿ ಅಡ್ಡಗೀಟಿಗೆ ಬಹಳ ಬೆಲೆ. ನಂಬರಿನ ಹಿಂದೆ ಕಳೆಯುವ ಗುರುತು ಬೇಕಾದ ಕಡೆ ಕೂಡಿಸುವ ಗುರುತು ಬಿದ್ದರೆ ಮನುಷ್ಯ ಮನೆಯ ಮೆಟ್ಟಿಲನ್ನೇ ಎಡವಿ ಬೀಳುತ್ತಾನೆ. ಅದಕ್ಕೇ ಗೊತ್ತಿಲ್ಲದ ಬೇರೆಯವರ ಚೀಟಿಯನ್ನೂ ನಾನು ಎರಡೆರಡು ಸಲ ನೋಡಿ ಸಹಿ ಹಾಕುತ್ತೇನೆ. ನನ್ನ ಸ್ವಂತ ಗಂಡನ ಇಡೀ ಬದುಕಿನ ಮೇಲೆ ಗೀಟೆಳೆದಾಗ ಒಂದು ಸಲವೂ ತಿರುಗಿ ನೋಡಿರಲಿಲ್ಲ. ಅಳು ಬಂತು. ಪಕ್ಕದ ಛತ್ರಿಯವರು ನೋಡುತ್ತಿದ್ದರು, ನೋಡಲಿ ಎಂದು ಅತ್ತೆ.

ಫೋನಿನಲ್ಲೇ ಗಂಟೆ ನೋಡಿದೆ. ಹತ್ತೂವರೆ. ಚಳಿಯೋ ಬಿಸಿಲೋ ನನಗೆ ಈಗಲೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಬೆಳಿಗ್ಗೆಗಿಂತ ಕಡಿಮೆ ಗೊತ್ತಿತ್ತು. ಗೊತ್ತಿದ್ದದ್ದು ಒಂದೇ, ಆ ಗೀಟು ಅಳಿಸಬೇಕು. ಎರಡೂ ಕಡೆಗೆ ಒಂದೇ ಕಾಗದ ಬರೆಯತೊಡಗಿದೆ. ಬರೆದು, ಅಳಿಸಿ, ಮತ್ತೆ ಬರೆಯುವಷ್ಟರಲ್ಲಿ ಇವರು ಮೊಣಕಾಲಿನವರೆಗೆ ಒದ್ದೆಯಾಗಿ ವಾಪಸು ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಹನ್ನೆರಡು ಆಗೋದ್ರೊಳಗೆ ಕಳಿಸಬೇಕಲ್ವಾ? ಕಳ್ಸಿದ್ಯಾ?" ಎಂದರು.

"ಇಲ್ಲ. ಕೇಳಿಸ್ಕೊಳ್ಳಿ, ಓದ್ತೀನಿ. ಇದನ್ನ ಕಳ್ಸಿದ್ರೆ ಎರಡು ಕೆಲಸವೂ ಕೈ ಬಿಟ್ಟು ಹೋಗಬಹುದು."

ಇವರು ಹ್ಞೂಂ ಎನ್ನಲಿಲ್ಲ. ನಾನು ಮೂಗೊರೆಸಿಕೊಂಡು ಓದಿದೆ.

"ನಾನು ಕಳುಹಿಸಿದ ಅರ್ಜಿಯ ಐದನೆಯ ಪುಟದಲ್ಲಿ ಒಂದು ತಪ್ಪಾಗಿದೆ. ನನ್ನ ಪತಿಯ ವೃತ್ತಿಯ ಜಾಗದಲ್ಲಿ ಗೀಟು ಹಾಕಿದ್ದೇನೆ. ಅವರು ಕ್ಷೌರಿಕರು, ಸ್ವಂತ ಅಂಗಡಿ ಇದೆ. ನಿಮ್ಮ ಊರಿನಲ್ಲಿ ಅವರು ಈ ಕೆಲಸ ಮಾಡಲು ಅನುಮತಿ ಸಿಗುತ್ತದೆಯೇ? ಇದಕ್ಕೆ ನಿಮ್ಮ ಉತ್ತರ ಬಂದ ಮೇಲೆ ನಾವಿಬ್ಬರೂ ಕೂತು ನಮ್ಮ ಉತ್ತರ ತಿಳಿಸುತ್ತೇವೆ. ಅವರಿಗೆ ಇಪ್ಪತ್ತಾರು ವರ್ಷದ ಅನುಭವವಿದೆ."

ಓದಿ ಮುಗಿಸಿ ತಲೆ ಎತ್ತಲು ಧೈರ್ಯವಾಗಲಿಲ್ಲ. ಇವರು ಫೋನಿನ ಕಡೆ ಬಗ್ಗಿ ಒಂದೊಂದೇ ಅಕ್ಷರ ಓದುತ್ತಿದ್ದರು. ಹತ್ತಿರದ ಅಕ್ಷರ ಕಾಣದೆ ಕತ್ತು ಹಿಂದಕ್ಕೆಳೆದು ಓದುತ್ತಿದ್ದರು. ಓದುವ ಕನ್ನಡಕ ಬೇಕಾಗಿ ವರ್ಷವಾದರೂ ಆಗಿರಬೇಕು, ಊರಿಗೆಲ್ಲ ನಂಬರ್ ನೋಡುವ ನನಗೆ ಅದೂ ಕಂಡಿರಲಿಲ್ಲ.

"ಅಲ್ಲ," ಎಂದರು ಇವರು.

ನಾನು ತಲೆ ಎತ್ತಿದೆ.

"ಇಪ್ಪತ್ತಾರಲ್ಲ. ಇಪ್ಪತ್ತೆಂಟು," ಎಂದರು. "ಗುರುಗಳ ಹತ್ರ ಇದ್ದ ಎರಡು ವರ್ಷ ಬಿಟ್ಟಿದ್ದೀಯ. ಅದನ್ನೂ ಸೇರಿಸು."

ಸೇರಿಸಿದೆ. ಆಮೇಲೆ ಕಳಿಸಿದೆ.